ಟ್ರಕ್ಕಿಗೆ ಲಿಮಿಟೆಡ್ ಸ್ಲಿಪ್ಪಾ, ಲಾಕರ್ರಾ? ದುಡ್ಡು ಸುರಿಯುವ ಮೊದಲು ಹಾಕಬೇಕಾದ ಲೆಕ್ಕ

ಹಿಂದಿನ ಎಡ ಚಕ್ರ ಕೆಸರು ಎರಚುತ್ತಾ ಗಿರಗಿರ ತಿರುಗುತ್ತಿದೆ. ಬಲ ಚಕ್ರ ಗಟ್ಟಿ ನೆಲದ ಮೇಲೆ ಕಲ್ಲಿನ ಹಾಗೆ ನಿಂತಿದೆ. ಟ್ರಕ್ಕು ಒಂದಿಂಚೂ ಕದಲುತ್ತಿಲ್ಲ. ಇದನ್ನು ಒಮ್ಮೆ ಅನುಭವಿಸಿದವರ ತಲೆಗೆ ಆವತ್ತೇ ಹುಳ ಹೊಕ್ಕಿಬಿಡುತ್ತದೆ: ಲಿಮಿಟೆಡ್ ಸ್ಲಿಪ್ ಹಾಕಿಸಲಾ, ಲಾಕರ್ ಹಾಕಿಸಲಾ? ಎರಡೂ ಎಡಬಲ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಅನ್ನೋ ಗೇರ್ ಜೋಡಣೆಯ ಬೇರೆ ರೂಪಗಳು: ಲಿಮಿಟೆಡ್ ಸ್ಲಿಪ್ ಹಿಡಿತ ಇರುವ ಚಕ್ರಕ್ಕೆ ಒಂದಿಷ್ಟು ಹೆಚ್ಚು ಬಲ ಕಳಿಸುತ್ತೆ, ಲಾಕರ್ ಎರಡು ಚಕ್ರಗಳನ್ನೂ ಒಟ್ಟಿಗೆ ಬಿಗಿದುಬಿಡುತ್ತೆ. ಯಾರನ್ನೇ ಕೇಳಿ, "ಲಾಕರ್ರೇ ಗಟ್ಟಿ, ಸುಮ್ನೆ ಅದನ್ನೇ ಹಾಕಿಸು" ಅಂತಾರೆ. ಗಟ್ಟಿ ಹೌದು, ಒಪ್ಪೋಣ. ಆದರೆ ಅದಕ್ಕಿಂತ ಮೊದಲು ನೀವು ನಿಮ್ಮನ್ನೇ ಕೇಳಿಕೊಳ್ಳಬೇಕಾದ್ದು ಒಂದಿದೆ. ನಿಮ್ಮ ಚಕ್ರ ನೆಲದ ಮೇಲಿದ್ದೇ ಜಾರುತ್ತಾ, ಇಲ್ಲ ನೆಲ ಬಿಟ್ಟು ಮೇಲೇಳುತ್ತಾ? ಇದಕ್ಕೆ ಸರಿಯಾಗಿ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಕೆಳಗೆ ಬರೆದಿರೋದರಲ್ಲಿ ಬಹುಪಾಲು ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಹೆಜ್ಜೆ 1: ಡಿಫರೆನ್ಷಿಯಲ್ ಯಾಕೆ ಕೈಕೊಡುತ್ತೆ ಅನ್ನೋದನ್ನ ಅಂಕಿಯಲ್ಲಿ ನೋಡಿ

ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ದೂರ ಓಡಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದುಬಿಟ್ಟರೆ ಒಂದು ಟೈರು ನೆಲಕ್ಕೆ ಉಜ್ಜಿಕೊಂಡೇ ಹೋಗಬೇಕಾಗುತ್ತದೆ. ಅದಕ್ಕಾಗಿಯೇ ನಡುವೆ ಡಿಫರೆನ್ಷಿಯಲ್ ಇರೋದು. ಎರಡೂ ಕಡೆಗೆ ಬೇರೆ ಬೇರೆ ವೇಗ ಕೊಡುತ್ತದೆ, ಆದರೆ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಮಾತ್ರ ಯಾವಾಗಲೂ ಸಮಪಾಲು.

ಈ ಸಮಪಾಲೇ ಎಲ್ಲ ತಾಪತ್ರಯಕ್ಕೂ ಮೂಲ. ನೊಗದ ಎರಡು ತುದಿಗೆ ಎರಡು ಎತ್ತು ಕಟ್ಟಿದ್ದೀರಿ, ನೊಗ ನಡುವಿನಲ್ಲಿ ಸಡಿಲವಾಗಿ ತಿರುಗುತ್ತೆ ಅಂದುಕೊಳ್ಳಿ. ಒಂದು ಎತ್ತು ಎಳೆಯದೆ ಹಿಂದೆ ಬಿದ್ದರೆ ಇನ್ನೊಂದು ಎಷ್ಟೇ ಜೋರಾಗಿ ಎಳೆದರೂ ನೊಗ ವಾರೆಯಾಗುತ್ತದೆಯೇ ಹೊರತು ಗಾಡಿ ಹೋಗಲ್ಲ. ಸೋಮಾರಿ ಎತ್ತು ಎಷ್ಟು ಎಳೆಯುತ್ತೋ ಬಲವಾದ ಎತ್ತಿನಿಂದಲೂ ಅಷ್ಟೇ ಕೆಲಸ ಆಗುತ್ತೆ.

ಈಗ ಅಂಕಿ ಹಾಕಿ. ಎಡ ಚಕ್ರ ಕೆಸರಿನಲ್ಲಿದೆ, ಜಾರುವ ಮುಂಚೆ 200 ನ್ಯೂಟನ್ ಮೀಟರ್ ಮಾತ್ರ ತಡೆದುಕೊಳ್ಳುತ್ತೆ. ಬಲ ಚಕ್ರ ಗಟ್ಟಿ ನೆಲದಲ್ಲಿದೆ, 1500 ತಡೆದುಕೊಳ್ಳುತ್ತೆ. ಮಾಮೂಲಿ ಡಿಫರೆನ್ಷಿಯಲ್, ಅಂದರೆ ಓಪನ್ ಡಿಫ್‌ನಲ್ಲಿ ಎರಡಕ್ಕೂ 200 ಸಿಗುತ್ತದೆ, ಒಟ್ಟು 400. ಎಂಜಿನ್ ಎಷ್ಟೇ ದೊಡ್ಡದಿರಲಿ, 400ರ ಮೇಲೆ ಒಂದು ಪೈಸೆಯೂ ನೆಲಕ್ಕೆ ಇಳಿಯಲ್ಲ. ಗೇರ್ ಮಾದರಿಯ ಲಿಮಿಟೆಡ್ ಸ್ಲಿಪ್ ಇದ್ದು (ಮಾದರಿಗಳ ವಿವರ ಹೆಜ್ಜೆ 4ರಲ್ಲಿದೆ), ಅದರ ಬಯಾಸ್ ರೇಶಿಯೋ, ಅಂದರೆ ಹಿಡಿತ ಇರುವ ಕಡೆಗೆ ಎಷ್ಟು ಪಟ್ಟು ಟಾರ್ಕ್ ಕಳಿಸಬಲ್ಲದು ಅನ್ನೋದು, 3 ಅಂತಿಟ್ಟುಕೊಳ್ಳಿ. ಜಾರುವ ಕಡೆಗಿರುವ 200ರ ಮೂರು ಪಟ್ಟು, ಅಂದರೆ 600 ಗಟ್ಟಿ ನೆಲದ ಕಡೆಗೆ ಹೋಗುತ್ತದೆ. ಒಟ್ಟು 800. ಲಾಕರ್ ಇದ್ದರೆ 200ಕ್ಕೆ 1500 ಸೇರಿ ಒಟ್ಟು 1700.

ಇದೇ ಲೆಕ್ಕದಲ್ಲಿ ಎಡ ಚಕ್ರವನ್ನು ಗಾಳಿಗೆ ಎತ್ತಿ. 200 ಈಗ ಸೊನ್ನೆಯಾಯಿತು. ಓಪನ್ ಡಿಫ್ ಕೊಡೋದು ಸೊನ್ನೆ. ಗೇರ್ ಮಾದರಿ ಲಿಮಿಟೆಡ್ ಸ್ಲಿಪ್ಪಿನಲ್ಲಿ ಸೊನ್ನೆಯ ಮೂರು ಪಟ್ಟು, ಅದೂ ಸೊನ್ನೆ. ಲಾಕರ್ ಮಾತ್ರ ಆಗಲೂ 1500 ಕೊಡುತ್ತದೆ. ಇಡೀ ಜಗಳ ಇರೋದು ಈ ಸೊನ್ನೆಯಲ್ಲಿ.

ಹೆಜ್ಜೆ 2: ನಿಮ್ಮ ಟ್ರಕ್ಕಿನೊಳಗೆ ಈಗಾಗಲೇ ಏನಿದೆ ಅಂತ ನೋಡಿ

ನಗಬೇಡಿ, ಲಿಮಿಟೆಡ್ ಸ್ಲಿಪ್ ಇರೋದೇ ಗೊತ್ತಿಲ್ಲದೆ ವರ್ಷಗಟ್ಟಲೆ ಓಡಿಸುವವರಿದ್ದಾರೆ. ನಾನೂ ಅವರಲ್ಲಿ ಒಬ್ಬ. ಹಳೆಯ ಪಿಕಪ್ ಒಂದನ್ನು ಕೊಂಡಿದ್ದೆ. ತಿರುವಿನಲ್ಲಿ ಹಿಂದಿನಿಂದ ಗರಗರ ಅಂತ ನಡುಗುತ್ತಿತ್ತು. ಬೇರಿಂಗ್ ಹೋಗಿದೆ ಅಂತ ಒಂದು ವರ್ಕ್‌ಶಾಪಿನವರು ಎರಡು ಸಲ ಬೇರಿಂಗ್ ಬದಲಿಸಿದರು. ಕೊನೆಗೆ ನೋಡಿದರೆ ಒಳಗೆ ಕ್ಲಚ್ ಮಾದರಿ ಲಿಮಿಟೆಡ್ ಸ್ಲಿಪ್ ಕೂತಿತ್ತು, ಅದಕ್ಕೆ ಬೇಕಾದ ಆಯಿಲ್ ಮಾತ್ರ ಯಾರೂ ಹಾಕಿರಲಿಲ್ಲ.

ಮೊದಲು ಆಕ್ಸಲ್ ಮೇಲಿನ ಟ್ಯಾಗ್ ನೋಡಿ, ವಾಹನದ ಬಿಲ್ಡ್ ಕೋಡ್ (ಕಾರ್ಖಾನೆಯಲ್ಲಿ ಯಾವ ಭಾಗ ಹಾಕಿದ್ದಾರೆ ಅನ್ನೋ ಸಂಕೇತ) ನೋಡಿ. ಅದು ಸಿಗದಿದ್ದರೆ ಕೈಯಿಂದಲೇ ಪರೀಕ್ಷೆ ಮಾಡಬಹುದು. ಮಟ್ಟವಾದ ನೆಲದಲ್ಲಿ ನಿಲ್ಲಿಸಿ ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಡಿ, ಹಿಂದಿನ ಆಕ್ಸಲ್ಲನ್ನು ಎರಡೂ ಕಡೆ ಸ್ಟ್ಯಾಂಡ್ ಮೇಲೆ ಕೂರಿಸಿ. ಎಂಜಿನ್ ಆಫ್, ಗೇರ್ ಹಾಕಿರಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಈಗ ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಇನ್ನೊಂದು ಉಲ್ಟಾ ದಿಕ್ಕಿಗೆ ಸಲೀಸಾಗಿ ತಿರುಗಿದರೆ ಓಪನ್ ಡಿಫ್ ಇರಬಹುದು. ಬಿಗಿಯಾಗಿ, ಬಲ ಹಾಕಿದರೆ ಮಾತ್ರ ತಿರುಗಿದರೆ ಕ್ಲಚ್ ಮಾದರಿ. ಒಂದಿಷ್ಟೂ ತಿರುಗದಿದ್ದರೆ ಲಾಕ್ ಆಗಿದೆ, ಅಥವಾ ಯಾರೋ ಪುಣ್ಯಾತ್ಮರು ಒಳಗೆ ವೆಲ್ಡ್ ಮಾಡಿಟ್ಟಿದ್ದಾರೆ.

"ಇರಬಹುದು" ಅಂದಿದ್ದಕ್ಕೆ ಕಾರಣ ಇದೆ. ಪ್ರೀಲೋಡ್ (ಸ್ಪ್ರಿಂಗ್ ಮೊದಲೇ ಕೊಟ್ಟಿರುವ ಒತ್ತಡ) ಇಲ್ಲದ ಗೇರ್ ಮಾದರಿಯೂ, ಸ್ವಿಚ್ ಆಫ್ ಆಗಿರುವ ಲಾಕರ್ರೂ ಕೈಗೆ ಓಪನ್ ಡಿಫ್ ಥರವೇ ಸಿಗುತ್ತವೆ. ಹಾಗೆಯೇ ಕೆಲವು ಟ್ರಕ್ಕುಗಳಲ್ಲಿ ಕಾರ್ಖಾನೆಯಿಂದಲೇ ಬರುವ ಈಟನ್ ಮೆಕ್ಯಾನಿಕಲ್ ಲಾಕರ್ ಕೂಡ ನಿಧಾನಕ್ಕೆ ತಿರುಗಿಸಿದರೆ ಸುಮ್ಮನಿರುತ್ತದೆ. ಪೂರ್ತಿ ಖಾತ್ರಿ ಬೇಕಿದ್ದರೆ ಹಿಂದಿನ ಕವರ್ ಬಿಚ್ಚಿಯೇ ನೋಡಬೇಕು.

ಒಂದು ಎಚ್ಚರಿಕೆ. ಲಿಮಿಟೆಡ್ ಸ್ಲಿಪ್ ಅಥವಾ ಲಾಕರ್ ಇರಬಹುದು ಅನ್ನುವ ಸಂಶಯವಿದ್ದರೂ ಸಾಕು, ಒಂದೇ ಚಕ್ರ ಎತ್ತಿ ಎಂಜಿನ್‌ನಿಂದ ತಿರುಗಿಸಬೇಡಿ. ನೆಲದ ಮೇಲಿರುವ ಚಕ್ರವೂ ಎಳೆಯುತ್ತದೆ, ಟ್ರಕ್ಕು ಜ್ಯಾಕ್ ಮೇಲಿಂದ ಹಾರಿ ಮುಂದೆ ಹೋಗುತ್ತದೆ.

ಹೆಜ್ಜೆ 3: ನೀವು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ ಅಂತ ನೆನಪು ಮಾಡಿಕೊಳ್ಳಿ

ಕಳೆದ ಐದಾರು ಸಲ ಟ್ರಕ್ಕು ನಿಂತಿದ್ದು ಎಲ್ಲಿ, ಹೇಗೆ ಅಂತ ಒಂದು ಚೀಟಿಯಲ್ಲಿ ಬರೆಯಿರಿ. ಮುಂದೆ ಎಲ್ಲೆಲ್ಲಿಗೋ ಹೋಗುವ ಕನಸು ಬೇಡ, ನಿಜವಾಗಿ ಆಗಿದ್ದನ್ನ ಬರೆಯಿರಿ. ಮಳೆಯಲ್ಲಿ ಖಾಲಿ ಟ್ರಕ್ಕು ತಿರುವಿನಿಂದ ಹೊರಡುವಾಗ ಒಳಗಿನ ಚಕ್ರ ಸುತ್ತಿತಾ? ಟ್ರೈಲರ್ ಕಟ್ಟಿಕೊಂಡು ಒದ್ದೆ ಇಳಿಜಾರಿನಿಂದ ಮೇಲೆ ಬರುವಾಗ ಜಾರಿತಾ? ಎರಡೂ ಚಕ್ರ ನೆಲದ ಮೇಲಿದ್ದೇ ಹಿಡಿತ ತಪ್ಪಿದ ಪ್ರಸಂಗಗಳಿವು. ಇಲ್ಲಿ ಲಿಮಿಟೆಡ್ ಸ್ಲಿಪ್ ಸಾಕು. ಆಳದ ಚರಂಡಿಯನ್ನು ವಾರೆಯಾಗಿ ದಾಟುವಾಗ, ಬಂಡೆ ಹತ್ತುವಾಗ, ಮೂಲೆಯಿಂದ ಮೂಲೆಗೆ ತೂಗುಹಾಕಿದ ಹಾಗೆ ಒಂದು ಹಿಂಚಕ್ರ ಗಾಳಿಗೆ ಎದ್ದು ನಿಂತಿತಾ? ಹಾಗಿದ್ದರೆ ಲಾಕರ್ ಬೇಕು. ಇನ್ನು ನಾಲ್ಕೂ ಚಕ್ರ ಕೆಸರಿನಲ್ಲಿ ಹೂತು, ಆಕ್ಸಲ್ಲೇ ನೆಲಕ್ಕೆ ಕೂತಿತ್ತು ಅಂದರೆ ಯಾವ ಡಿಫರೆನ್ಷಿಯಲ್ಲೂ ಕಾಪಾಡಲ್ಲ. ಅಲ್ಲಿಗೆ ಬೇಕಾಗಿರೋದು ಒಳ್ಳೆಯ ಟೈರು, ಗಾಳಿ ಇಳಿಸುವ ಅಭ್ಯಾಸ, ಒಂದು ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ). ಟೈರು ಬೋಳಾಗಿರುವವರು ಇಲ್ಲಿಗೇ ಓದು ನಿಲ್ಲಿಸಿ ಮೊದಲು ಟೈರು ಬದಲಿಸಿ ಬರಬಹುದು, ನಾನೇನೂ ಬೇಜಾರು ಮಾಡಿಕೊಳ್ಳಲ್ಲ.

ಜೊತೆಗೆ ಇನ್ನೆರಡು ವಿಷಯ ಬರೆದಿಟ್ಟುಕೊಳ್ಳಿ. ನೂರು ಕಿಲೋಮೀಟರಿನಲ್ಲಿ ಡಾಂಬರು ಎಷ್ಟು? ಟ್ರಕ್ಕನ್ನು ನೀವೊಬ್ಬರೇ ಓಡಿಸುತ್ತೀರಾ, ಕೈ ಬದಲಾಗುತ್ತಾ? ಎರಡನೆಯದನ್ನು ಯಾರೂ ಕೇಳಲ್ಲ, ಆದರೆ ಲಾಕರ್ ಮುರಿಯೋದು ಹೆಚ್ಚಾಗಿ ಅಲ್ಲಿಂದಲೇ.

ಹೆಜ್ಜೆ 4: ಲಿಮಿಟೆಡ್ ಸ್ಲಿಪ್ಪಿನ ಒಳಜಾತಿಗಳು

ಕ್ಲಚ್ ಮಾದರಿಯಲ್ಲಿ ಸೈಡ್ ಗೇರಿನ (ಚಕ್ರದ ಶಾಫ್ಟಿಗೆ ಕೂತಿರುವ ಗೇರು) ಹಿಂದೆ ತೆಳುವಾದ ಪ್ಲೇಟುಗಳ ಕಟ್ಟು ಇರುತ್ತದೆ. ನಡುವಿನ ಸ್ಪ್ರಿಂಗ್ ಅವನ್ನು ಒತ್ತಿ ಹಿಡಿದಿರುತ್ತದೆ, ಅದೇ ಪ್ರೀಲೋಡ್. ಎಂಜಿನ್ ಟಾರ್ಕ್ ಬಂದ ಹಾಗೆ ಗೇರುಗಳು ಹೊರಕ್ಕೆ ತಳ್ಳಿ ಪ್ಲೇಟುಗಳನ್ನು ಇನ್ನಷ್ಟು ಬಿಗಿಯುತ್ತವೆ. ಇದರ ಒಂದು ಲಾಭ ನೋಡಿ: ಚಕ್ರ ಗಾಳಿಗೆ ಎದ್ದರೂ ಪ್ರೀಲೋಡ್ ಇರುವುದರಿಂದ ಸ್ವಲ್ಪವಾದರೂ ಟಾರ್ಕ್ ಆಚೆ ಕಡೆಗೆ ದಾಟುತ್ತೆ, ಪೂರ್ತಿ ಸೊನ್ನೆ ಆಗಲ್ಲ. ನಷ್ಟ ಏನಂದರೆ ಪ್ಲೇಟು ಸವೆಯುತ್ತದೆ. ತಿರುವು ತಗೊಂಡಾಗಲೆಲ್ಲ ಅಷ್ಟಷ್ಟೇ ಉಜ್ಜಿಕೊಳ್ಳುತ್ತಾ, ಕೆಲವು ವರ್ಷದ ಮೇಲೆ ನಿಮಗೆ ಗೊತ್ತೇ ಆಗದ ಹಾಗೆ ಓಪನ್ ಡಿಫ್ ಆಗಿಬಿಟ್ಟಿರುತ್ತದೆ. ಪ್ಲೇಟಿನ ಕಟ್ಟು ಬದಲಿಸಬಹುದು ಅನ್ನೋದು ಸಮಾಧಾನ. ಪ್ಲೇಟಿನ ಬದಲು ಕೋನ್ ಇರುವ ಮಾದರಿಯೂ ಇದೆ. ಅದು ಸವೆದರೆ ರಿಪೇರಿ ಮಾಡೋದು ಕಷ್ಟ.

ಗೇರ್ ಮಾದರಿಯ ಕಥೆಯೇ ಬೇರೆ. ವರ್ನನ್ ಗ್ಲೀಸ್‌ಮನ್ 1958ರಲ್ಲಿ ಪೇಟೆಂಟ್ ಪಡೆದ ಟಾರ್ಸೆನ್ ಈ ವಂಶದ ಹಿರಿಯ. ಟ್ರಕ್ಕುಗಳಿಗೆ ಸಿಗುವ ಈಟನ್ ಟ್ರೂಟ್ರ್ಯಾಕ್ ಕೂಡ ಇದೇ ಜಾತಿ. ಒಳಗೆ ಸವೆಯುವ ಪ್ಲೇಟು ಇಲ್ಲ. ಓರೆಹಲ್ಲಿನ ಗೇರುಗಳು ಲೋಡ್ ಬಂದಾಗ ಕೇಸಿನ (ಡಿಫರೆನ್ಷಿಯಲ್ ಗೇರುಗಳನ್ನು ಹಿಡಿದಿರುವ ಕವಚ) ಗೋಡೆಗೆ ಒತ್ತಿಕೊಂಡು ಬಿಗಿಯಾಗುತ್ತವೆ, ಲೋಡ್ ಹೋದರೆ ಸಡಿಲ. ಸದ್ದಿಲ್ಲ, ಎಳೆತವಿಲ್ಲ, ಸ್ವಿಚ್ಚಿಲ್ಲ. ಹಾಕಿಸಿದ್ದೇ ಮರೆತುಹೋಗುತ್ತೆ. ಡಾಂಬರಿನ ಮೇಲೆ ಓಡುವ ಟ್ರಕ್ಕಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ನನ್ನ ಅಭಿಪ್ರಾಯ.

ಆ ಸೊನ್ನೆಯ ಸಮಸ್ಯೆಗೆ ಇದರಲ್ಲಿ ಒಂದು ಉಪಾಯ ಇದೆ. ಚಕ್ರ ಗಾಳಿಯಲ್ಲಿ ಸುತ್ತುವಾಗ ಎಡಗಾಲಲ್ಲಿ ಮೆಲ್ಲಗೆ ಬ್ರೇಕ್ ಒತ್ತಿ, ಹಾಗೇ ಆಕ್ಸಿಲರೇಟರ್ ಕೊಡಿ. ಬ್ರೇಕು ಪ್ರತಿ ಚಕ್ರಕ್ಕೂ 200 ತಡೆ ಒಡ್ಡಿತು ಅನ್ನೋಣ. ಗಾಳಿಯಲ್ಲಿರುವ ಕಡೆ ಈಗ ಸೊನ್ನೆಯಲ್ಲ, 200. ಅದರ ಮೂರು ಪಟ್ಟು 600 ನೆಲದ ಕಡೆಗೆ ಹೋಗುತ್ತದೆ. ಆ ಕಡೆಯ ಬ್ರೇಕು 200 ತಿಂದರೂ 400 ಉಳಿಯಿತು. ಓಪನ್ ಡಿಫ್‌ನಲ್ಲಿ ಇದೇ ಮಾಡಿದರೆ 200 ಬರುತ್ತೆ, ಬ್ರೇಕು 200 ತಿನ್ನುತ್ತೆ, ಉಳಿಯೋದು ಮತ್ತೆ ಸೊನ್ನೆ. ಓಪನ್ ಡಿಫ್ ಟ್ರಕ್ಕಿನಲ್ಲಿ ಎರಡೂ ಕಡೆ ಬ್ರೇಕ್ ಒತ್ತಿ ಹೊರಬರಲು ಹೋದವರಿಗೆ ಅದು ಯಾಕೆ ಕೆಲಸ ಮಾಡಲ್ಲ ಅಂತ ಈಗ ಅರ್ಥವಾಗಿರಬೇಕು. ಹೊಸ ವಾಹನಗಳ ಟ್ರ್ಯಾಕ್ಷನ್ ಕಂಟ್ರೋಲ್ ಇನ್ನೂ ಜಾಣ, ಸುತ್ತುವ ಚಕ್ರವನ್ನು ಮಾತ್ರ ಹಿಡಿಯುತ್ತದೆ. ಹಾಗಾಗಿ ಅದು ಓಪನ್ ಡಿಫ್‌ನಲ್ಲೂ ಉಪಯೋಗಕ್ಕೆ ಬರುತ್ತೆ, ಗೇರ್ ಮಾದರಿಯ ಜೊತೆ ಸೇರಿದರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ.

ವಿಸ್ಕಸ್ ಮಾದರಿ ಅಂತ ಇನ್ನೊಂದಿದೆ, ದಪ್ಪ ಸಿಲಿಕೋನ್ ದ್ರವದ್ದು. ಚಕ್ರ ಸುತ್ತಲು ಶುರುವಾದ ಮೇಲೆ ನಿಧಾನಕ್ಕೆ ಎಚ್ಚರವಾಗುತ್ತದೆ. ಟ್ರಕ್ಕಿನ ಆಕ್ಸಲ್ಲಿಗೆ ಅದರ ಯೋಚನೆ ಬೇಡ.

ಹೆಜ್ಜೆ 5: ಲಾಕರ್‌ಗಳಲ್ಲಿ ತಾನಾಗಿ ಲಾಕ್ ಆಗೋದು, ಕೇಳಿದಾಗ ಲಾಕ್ ಆಗೋದು

ಡೆಟ್ರಾಯಿಟ್ ಲಾಕರ್ ಥರದ ಆಟೊಮ್ಯಾಟಿಕ್ ಲಾಕರ್ ಯಾವಾಗಲೂ ಲಾಕ್ ಆಗಿಯೇ ಇರುತ್ತದೆ. ತಿರುವಿನಲ್ಲಿ ಹೊರಚಕ್ರ ವೇಗವಾಗಿ ಓಡಿದಾಗ ಆ ಕಡೆಯ ಹಲ್ಲು ಬಿಟ್ಟುಕೊಡುತ್ತದೆ, ಆಮೇಲೆ ಮತ್ತೆ ಕಚ್ಚಿಕೊಳ್ಳುತ್ತದೆ. ಆ ಬಿಡುವ ಕಚ್ಚುವ ಆಟದಲ್ಲಿ ಟಿಕ್ ಟಿಕ್ ಸದ್ದು, ಒಮ್ಮೊಮ್ಮೆ ಢಮ್ ಅಂತ ಹೊಡೆತ. ಪಕ್ಕದಲ್ಲಿ ಕೂತವರು "ಏನೋ ಮುರೀತು" ಅಂತ ಗಾಬರಿಯಾಗುವಷ್ಟು. ಉದ್ದ ವೀಲ್‌ಬೇಸಿನ ಭಾರದ ಟ್ರಕ್ಕಿನಲ್ಲಿ ಇದು ಅಷ್ಟಾಗಿ ಕಾಡಲ್ಲ. ಗಿಡ್ಡ ಗಾಡಿಯಲ್ಲಿ ಮಾತ್ರ ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದರೆ ಗಾಡಿ ಪಕ್ಕದ ಲೇನಿಗೆ ಒಂದು ಹೆಜ್ಜೆ ಇಟ್ಟ ಹಾಗೆ ಸರಿಯುತ್ತದೆ. ಶಕ್ತಿಯಲ್ಲಿ ಮಾತ್ರ ಇದನ್ನು ಮೀರಿಸೋದು ಕಷ್ಟ. ವೈರಿಲ್ಲ, ಗಾಳಿ ಪೈಪಿಲ್ಲ, ನೀವು ಮರೆತರೂ ಅದು ಮರೆಯಲ್ಲ.

ಲಂಚ್‌ಬಾಕ್ಸ್ ಲಾಕರ್ ಅಂತ ಕರೆಯೋದು ಇದರ ಬಡ ತಮ್ಮನನ್ನ. ಹಳೆಯ ಕೇಸು ಹಾಗೇ ಇಟ್ಟುಕೊಂಡು ಒಳಗಿನ ಸೈಡ್ ಗೇರು, ಅವುಗಳ ನಡುವಿನ ಸ್ಪೈಡರ್ ಗೇರು ತೆಗೆದು ಅದರ ಜಾಗದಲ್ಲಿ ಇದನ್ನು ಕೂರಿಸುತ್ತಾರೆ. ಹೆಚ್ಚಿನ ಆಕ್ಸಲ್ಲುಗಳಲ್ಲಿ ಕ್ರೌನ್ ಪಿನಿಯನ್ (ಎಂಜಿನ್ ಶಕ್ತಿಯನ್ನು ಆಕ್ಸಲ್ಲಿಗೆ ತಿರುಗಿಸುವ ದೊಡ್ಡ, ಚಿಕ್ಕ ಗೇರಿನ ಜೋಡಿ) ಸೆಟ್ಟಿಂಗ್ ಮುಟ್ಟಬೇಕಿಲ್ಲ, ಅದೇ ದೊಡ್ಡ ಉಳಿತಾಯ. ಆದರೆ ನಿಮ್ಮ ಹಳೆಯ ಕೇಸು ಎಷ್ಟು ಗಟ್ಟಿಯೋ ಇದೂ ಅಷ್ಟೇ ಗಟ್ಟಿ.

ಈಟನ್ನಿನ ಮೆಕ್ಯಾನಿಕಲ್ ಲಾಕರ್ ವಿಚಿತ್ರ ಪ್ರಾಣಿ. ಸಾಮಾನ್ಯವಾಗಿ ಓಪನ್ ಇರುತ್ತದೆ, ಎರಡು ಚಕ್ರಗಳ ವೇಗದ ವ್ಯತ್ಯಾಸ ಸುಮಾರು 100 ಆರ್‌ಪಿಎಂ ಮುಟ್ಟಿದರೆ ಒಳಗಿನ ತೂಕಗಳು ಹೊರಕ್ಕೆ ಹಾರಿ ಲಾಕ್ ಮಾಡುತ್ತವೆ. ಸುಮಾರು 30 ಕಿಲೋಮೀಟರ್ ವೇಗ ದಾಟಿದ ಮೇಲೆ ಲಾಕ್ ಆಗಲ್ಲ. ಡ್ರೈವರ್ ಏನೂ ಮಾಡಬೇಕಿಲ್ಲ, ಅದೇ ಇದರ ಹಿತ. ಚಕ್ರ ಸುತ್ತುವ ತನಕ ಕಾಯಬೇಕು, ಅದೇ ಇದರ ಕೊರತೆ. ಸುತ್ತುತ್ತಿರುವಾಗ ಜೋರಾಗಿ ಆಕ್ಸಿಲರೇಟರ್ ತುಳಿದುಬಿಟ್ಟರೆ ದಡ್ ಅಂತ ಕಚ್ಚುವಾಗ ಹಲ್ಲು ಮುರಿಯುವ ಅಪಾಯವೂ ಇದೆ.

ಇನ್ನು ಸ್ವಿಚ್ ಒತ್ತಿ ಲಾಕ್ ಮಾಡುವವು. ಗಾಳಿಯವು, ಕರೆಂಟಿನವು, ಕೇಬಲ್ಲಿನವು. ಎಆರ್‌ಬಿ ಏರ್ ಲಾಕರ್ ಗಾಳಿಯದು, ಕಂಪ್ರೆಸರ್ ಬೇಕು. ಆ ಕಂಪ್ರೆಸರ್ರಿನಿಂದ ಟೈರಿಗೂ ಗಾಳಿ ಹಿಡಿಯಬಹುದು ಅನ್ನೋದು ಬೋನಸ್. ತಲೆನೋವು ಅಂದರೆ ಪೈಪು ಎಲ್ಲೋ ಸೈಲೆನ್ಸರ್ರಿಗೆ ತಾಗಿ ಕರಗುತ್ತದೆ, ಒಳಗಿನ ಸೀಲು ಸೋರುತ್ತದೆ. ಕರೆಂಟಿನದರಲ್ಲಿ ಒಂದು ರಿಲೇ, ಒಂದು ಫ್ಯೂಸ್, ಒಂದು ವೈರು ಅಷ್ಟೇ. ಆದರೆ ಕೆಸರಿನಲ್ಲಿ ಆ ಕನೆಕ್ಟರ್ ತುಕ್ಕು ಹಿಡಿದರೆ ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಕೇಬಲ್ಲಿನದು ಸರಳ, ಆದರೆ ಕೇಬಲ್ ತಿರುವು ಮುರುವಾಗಿ ಬಂದಿದ್ದರೆ ಎಳೆಯಲು ತೋಳ್ಬಲ ಬೇಕು. ಮೂರಕ್ಕೂ ಸಮಾನವಾದ ಸುಖ ಒಂದಿದೆ: ಆಫ್ ಇದ್ದಾಗ ಟ್ರಕ್ಕು ಮಾಮೂಲಿ ಟ್ರಕ್ಕೇ.

ಹೆಜ್ಜೆ 6: ಲಾಕರ್ ಹಿಡಿತ ಕಳೆಯುವ ಜಾಗಗಳು

ಇದನ್ನು ಮಾರುವವರು ಯಾರೂ ಹೇಳಲ್ಲ. ಪಕ್ಕಕ್ಕೆ ವಾಲಿದ ಜಾರು ನೆಲದಲ್ಲಿ ಹೋಗುತ್ತಿದ್ದೀರಿ ಅನ್ನಿ. ಓಪನ್ ಡಿಫ್‌ನಲ್ಲಿ ಒಂದು ಚಕ್ರ ಸುತ್ತುತ್ತದೆ, ಇನ್ನೊಂದು ಸುಮ್ಮನೆ ನೆಲ ಕಚ್ಚಿಕೊಂಡು ಗಾಡಿಯನ್ನು ಹಿಡಿದಿಡುತ್ತದೆ. ಮುಂದೆ ಹೋಗಲ್ಲ, ನಿಜ. ಆದರೆ ಕೆಳಗೂ ಜಾರಲ್ಲ. ಲಾಕ್ ಆಗಿದ್ದರೆ ಎರಡೂ ಒಟ್ಟಿಗೆ ಸುತ್ತುತ್ತವೆ, ಹಿಡಿದಿಡಲು ಯಾರೂ ಇಲ್ಲ, ಹಿಂಭಾಗ ಇಳಿಜಾರಿನ ಕಡೆಗೆ ಸರಸರ ಹೋಗುತ್ತದೆ. ಮಂಜುಗಡ್ಡೆಯ ರಸ್ತೆಯಲ್ಲೂ ಇದೇ ಕಥೆ, ಅಲ್ಲಿ ನೆಲ ಅಂಚಿಗೆ ಕೊಂಚ ವಾಲಿದ್ದರೂ ಸಾಕು. ಹಾಗಾಗಿ ಹಿಮದ ರಸ್ತೆಯಲ್ಲಿ ದಿನಾ ಓಡಾಡುವ ಖಾಲಿ ಪಿಕಪ್ಪಿಗೆ ಆಟೊಮ್ಯಾಟಿಕ್ ಲಾಕರ್ ಹಾಕಿಸಬೇಡಿ ಅಂತಲೇ ನಾನು ಹೇಳೋದು. ಬೇಕಾದರೆ ಸ್ವಿಚ್ಚಿನದು ಹಾಕಿಸಿ, ಆಫ್ ಮಾಡಿಟ್ಟುಕೊಳ್ಳಿ.

ಎರಡನೆಯದು ಆಕ್ಸಲ್ ಶಾಫ್ಟ್. ಓಪನ್ ಡಿಫ್‌ನಲ್ಲಿ ಒಂದೊಂದು ಶಾಫ್ಟಿಗೂ ಹೆಚ್ಚೆಂದರೆ ಅರ್ಧ ಟಾರ್ಕ್. ಲಾಕ್ ಆದಾಗ ಒಂದು ಚಕ್ರ ಗಾಳಿಯಲ್ಲಿದ್ದರೆ ಆ ಆಕ್ಸಲ್ಲಿಗೆ ಬಂದ ಟಾರ್ಕ್ ಪೂರ್ತಿ ಇನ್ನೊಂದೇ ಶಾಫ್ಟಿನ ಮೇಲೆ. ಅದರ ಮೇಲೆ ದೊಡ್ಡ ಟೈರು ಹಾಕಿಸಿ, ಬಂಡೆಗಳ ನಡುವೆ ಚಕ್ರ ಸಿಕ್ಕಿಕೊಂಡಾಗ ದಡದಡ ಆಕ್ಸಿಲರೇಟರ್ ಒತ್ತಿದರೆ ಶಾಫ್ಟು ಕಬ್ಬಿನ ಜಲ್ಲೆಯ ಹಾಗೆ ಮುರಿಯುತ್ತದೆ. ಶಾಫ್ಟನ್ನು ಒಳತುದಿಯ ಸಿ-ಕ್ಲಿಪ್ಪೇ ಹಿಡಿದಿಡುವ ಸೆಮಿ ಫ್ಲೋಟಿಂಗ್ (ಚಕ್ರದ ಭಾರ ಶಾಫ್ಟಿನ ಮೇಲೆಯೇ ಇರುವ) ಆಕ್ಸಲ್ಲಿನಲ್ಲಿ ಶಾಫ್ಟು ಮುರಿದರೆ ಚಕ್ರವೇ ಆಚೆಗೆ ಬರಬಹುದು.

ಹೆಜ್ಜೆ 7: ಈಗ ತೀರ್ಮಾನ ಮಾಡಿ

ಓಡಾಟ ಬಹುಪಾಲು ಡಾಂಬರಿನಲ್ಲಿ, ಮಳೆಯಲ್ಲಿ ಖಾಲಿ ಟ್ರಕ್ಕು ಜಾರೋದೇ ತೊಂದರೆ, ಆಗಾಗ ಟ್ರೈಲರ್: ಹಿಂದಕ್ಕೆ ಗೇರ್ ಮಾದರಿ ಲಿಮಿಟೆಡ್ ಸ್ಲಿಪ್. ಎರಡನೇ ಯೋಚನೆ ಬೇಡ. ಟ್ರಕ್ಕು ನಾಲ್ಕು ಜನರ ಕೈಯಲ್ಲಿ ಓಡುತ್ತೆ ಅಂದರೂ ಇದೇ, ಯಾಕೆಂದರೆ ತಪ್ಪಾಗಿ ಒತ್ತಲು ಇದರಲ್ಲಿ ಸ್ವಿಚ್ಚೇ ಇಲ್ಲ. ಕಾರ್ಖಾನೆಯಿಂದಲೇ ಕ್ಲಚ್ ಮಾದರಿ ಬಂದಿದ್ದು ಇನ್ನೂ ಚೆನ್ನಾಗಿದ್ದರೆ ಅದನ್ನು ಕಿತ್ತು ಹೊಸದು ಹಾಕಿಸುವ ಅಗತ್ಯ ನನಗೆ ಕಾಣಲ್ಲ, ಒಳ್ಳೆಯ ಆಯಿಲ್ ಹಾಕಿ, ಸವೆದಾಗ ಪ್ಲೇಟು ಬದಲಿಸಿ.

ವಾರವೆಲ್ಲ ರಸ್ತೆ, ವಾರದ ಕೊನೆಗೆ ಬಂಡೆ ಹಳ್ಳ ಚರಂಡಿ: ಸ್ವಿಚ್ಚಿನ ಲಾಕರ್, ಮೊದಲು ಹಿಂದಕ್ಕೆ. ದುಡ್ಡು ಉಳಿದರೆ ಆಮೇಲೆ ಮುಂದಕ್ಕೆ. ಹತ್ತುವಾಗ ತೂಕ ಹಿಂದಕ್ಕೆ ಬೀಳುವುದರಿಂದ ಹಿಂದಿನ ಲಾಕೇ ಜಾಸ್ತಿ ಕೆಲಸಕ್ಕೆ ಬರುತ್ತೆ. ಮುಂದಕ್ಕೆ ಲಾಕ್ ಮಾಡಿದರೆ ಸ್ಟೀರಿಂಗ್ ಕಲ್ಲಾಗುತ್ತದೆ, ಚಕ್ರ ಪೂರ್ತಿ ತಿರುಗಿಸಿಕೊಂಡು ಜೋರು ಕೊಟ್ಟರೆ ಸಿವಿ ಜಾಯಿಂಟ್ (ಮುಂದಿನ ಶಾಫ್ಟಿನ ಬಾಗುವ ಕೀಲು) ಹೋಗುತ್ತದೆ. ಹಿಂದೆ ಲಾಕರ್, ಮುಂದೆ ಗೇರ್ ಮಾದರಿ ಲಿಮಿಟೆಡ್ ಸ್ಲಿಪ್ ಅನ್ನುವ ಜೋಡಿಯೂ ಚೆನ್ನಾಗಿ ಹೊಂದುತ್ತೆ, ಸ್ಟೀರಿಂಗಿಗೆ ಅಷ್ಟು ಕಾಟ ಕೊಡಲ್ಲ.

ಹೊಲ, ಗಣಿ, ಕಾಡಿನ ದಾರಿಯಲ್ಲಿ ನಿಧಾನಕ್ಕೆ ದಿನವಿಡೀ ದುಡಿಯುವ, ಹೆದ್ದಾರಿಯನ್ನೇ ಕಾಣದ ಉದ್ದ ಟ್ರಕ್ಕು: ಆಟೊಮ್ಯಾಟಿಕ್ ಲಾಕರ್. ಸದ್ದು ಮಾಡಿದರೆ ಮಾಡಲಿ.

ಮಧ್ಯದಲ್ಲಿರುವವರು, ಅಂದರೆ ವರ್ಷಕ್ಕೆ ಎರಡೇ ಸಲ ಚಕ್ರ ಗಾಳಿಗೇಳುವವರು, ಲಾಕರ್ ಅಂತ ಹಟ ಹಿಡಿಯಬೇಡಿ. ಬ್ರೇಕಿನ ಉಪಾಯ ಅಭ್ಯಾಸ ಮಾಡಿಕೊಂಡರೆ ಗೇರ್ ಮಾದರಿಯಲ್ಲೇ ದಾಟಿಕೊಳ್ಳಬಹುದು.

ಹೆಜ್ಜೆ 8: ಆರ್ಡರ್ ಮಾಡುವ ಮುಂಚೆ ಎಣಿಸಬೇಕಾದ್ದು

ನಿಮ್ಮ ಟ್ರಕ್ಕಿನ ಮಾಡೆಲ್ ಹೆಸರು ಹೇಳಿ ಆರ್ಡರ್ ಮಾಡಬೇಡಿ, ಆಕ್ಸಲ್ಲಿನ ಹೆಸರು ಹೇಳಿ. ಒಂದೇ ಮಾಡೆಲ್ಲಿಗೆ ಎರಡು ಮೂರು ಥರದ ಆಕ್ಸಲ್ ಬಂದಿರುತ್ತದೆ. ಶಾಫ್ಟಿನ ಸ್ಪ್ಲೈನ್, ಅಂದರೆ ತುದಿಯ ಉದ್ದುದ್ದ ಹಲ್ಲು, ಎಣಿಸಿ. ಫೋರ್ಡ್ 8.8 ಇಂಚಿನ ಆಕ್ಸಲ್ಲೇ 28 ಸ್ಪ್ಲೈನಿನದೂ ಇದೆ, 31ರದೂ ಇದೆ. ಒಂದಕ್ಕೆ ತಂದಿದ್ದು ಇನ್ನೊಂದಕ್ಕೆ ಕೂರಲ್ಲ. ಆಮೇಲೆ ಗೇರ್ ರೇಶಿಯೋ, ಅಂದರೆ ಚಕ್ರ ಒಂದು ಸುತ್ತು ಬರಲು ಎಂಜಿನ್ ಕಡೆಯ ಶಾಫ್ಟು ಎಷ್ಟು ಸುತ್ತಬೇಕು ಅನ್ನೋದು. ಕೆಲವು ಆಕ್ಸಲ್ಲುಗಳಲ್ಲಿ ರೇಶಿಯೋ ಬದಲಾದರೆ ಕೇಸೇ ಬದಲಾಗುತ್ತದೆ. ಡೇನಾ 44ರಲ್ಲಿ 3.73 ಮತ್ತು ಅದಕ್ಕಿಂತ ಕಡಿಮೆಗೆ ಒಂದು ಕೇಸು, 3.92 ಮತ್ತು ಮೇಲಕ್ಕೆ ಇನ್ನೊಂದು. ಮುಂದೆ ದೊಡ್ಡ ಟೈರು ಹಾಕಿಸಿ ರೇಶಿಯೋ ಬದಲಿಸುವ ಆಲೋಚನೆ ಇದ್ದರೆ ಎರಡೂ ಕೆಲಸ ಒಟ್ಟಿಗೇ ಮಾಡಿಸಿ. ಇಲ್ಲದಿದ್ದರೆ ಅದೇ ಕೂಲಿಯನ್ನು ಎರಡು ಸಲ ಕೊಡುತ್ತೀರಿ.

ಎಬಿಎಸ್ ರಿಂಗ್ (ಚಕ್ರದ ವೇಗ ಅಳೆಯಲು ಇರುವ ಹಲ್ಲಿನ ಬಳೆ) ಕೇಸಿನ ಮೇಲೆಯೇ ಇರುವ ಟ್ರಕ್ಕುಗಳಿವೆ, ಹೊಸ ಕೇಸಿನಲ್ಲಿ ಅದಕ್ಕೆ ಜಾಗ ಇದೆಯಾ ಕೇಳಿ. ಸ್ಟೆಬಿಲಿಟಿ ಕಂಟ್ರೋಲ್ ಇರುವ ಹೊಸ ಗಾಡಿಗೆ ಆಟೊಮ್ಯಾಟಿಕ್ ಲಾಕರ್ ಹಾಕಿದರೆ ಎಲೆಕ್ಟ್ರಾನಿಕ್ಸ್‌ಗೆ ತಲೆ ಕೆಡುತ್ತದೆ. ಕಾರ್ಖಾನೆಯ ಲಾಕ್ ಇರುವ ಎಷ್ಟೋ ವಾಹನಗಳಲ್ಲಿ ಲಾಕ್ ಆದ ತಕ್ಷಣ ಇವನ್ನು ಆಫ್ ಮಾಡುವ ಏರ್ಪಾಡು ಇರೋದು ಅದಕ್ಕೇ.

ಟೈರು ನಾಲ್ಕೂ ಒಂದೇ ಅಳತೆ, ಒಂದೇ ಸವೆತ ಇರಲಿ. ಒಂದು ಕಡೆ ಹೊಸದು, ಇನ್ನೊಂದು ಕಡೆ ಸವೆದದ್ದು ಇದ್ದರೆ ನೇರ ರಸ್ತೆಯಲ್ಲೂ ಡಿಫ್ ತಿರುವಿನಲ್ಲಿದ್ದೇನೆ ಅಂದುಕೊಳ್ಳುತ್ತದೆ, ಕ್ಲಚ್ ಪ್ಲೇಟು ದಿನವಿಡೀ ಉಜ್ಜುತ್ತಿರುತ್ತದೆ.

ಹೆಜ್ಜೆ 9: ಫಿಟ್ಟಿಂಗ್ ಮತ್ತು ಆಯಿಲ್

ಪೂರ್ತಿ ಕೇಸು ಬದಲಿಸುವುದು ಮನೆಯಂಗಳದ ಕೆಲಸ ಅಲ್ಲ. ಬೇರಿಂಗ್ ಪ್ರೆಸ್ ಬೇಕು, ಶಿಮ್ (ಸಂದಿಗೆ ಕೊಡುವ ತೆಳು ತಗಡು) ಬೇಕು, ಡಯಲ್ ಗೇಜ್ ಬೇಕು, ಎಲ್ಲಕ್ಕಿಂತ ಜಾಸ್ತಿ ತಾಳ್ಮೆ ಬೇಕು. ವರ್ಕ್‌ಶಾಪಿಗೆ ಕೊಟ್ಟರೂ ಎರಡು ಪ್ರಶ್ನೆ ಕೇಳಿ. ಕ್ರೌನ್ ಪಿನಿಯನ್ ನಡುವೆ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಎಷ್ಟು ಬಂತು? ಬಹಳಷ್ಟು ಆಕ್ಸಲ್ಲುಗಳಿಗೆ 0.15ರಿಂದ 0.25 ಮಿಲಿಮೀಟರ್ ಒಳಗೆ ಇರಬೇಕು, ನಿಮ್ಮದರ ಅಂಕಿ ಕೈಪಿಡಿಯಲ್ಲಿ ಇರುತ್ತದೆ. ಹಲ್ಲಿಗೆ ಬಣ್ಣ ಹಚ್ಚಿ ಪ್ಯಾಟರ್ನ್ ನೋಡಿದಿರಾ, ಫೋಟೋ ತೋರಿಸಿ. "ಅದೆಲ್ಲ ಬೇಡ ಸಾರ್, ಅಂದಾಜಿನಲ್ಲೇ ಗೊತ್ತಾಗುತ್ತೆ" ಅಂದರೆ ಕೀ ವಾಪಸ್ ತಗೊಂಡು ಬನ್ನಿ. ಅಂದಾಜಿನ ಡಿಫ್ ಸ್ವಲ್ಪ ದಿನದಲ್ಲೇ ಊಳಿಡಲು ಶುರು ಮಾಡುತ್ತದೆ.

ಆಯಿಲ್ಲಿನಲ್ಲಿ ತಪ್ಪುವವರೇ ಜಾಸ್ತಿ. ಕ್ಲಚ್ ಮಾದರಿಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್ ಜೊತೆ ಫ್ರಿಕ್ಷನ್ ಮಾಡಿಫೈಯರ್ (ಪ್ಲೇಟಿನ ಉಜ್ಜಾಟ ನಯ ಮಾಡುವ ಬೆರಕೆ) ಬೇಕು, ಅದು ಬೆರೆತೇ ಬರುವ ಆಯಿಲ್ಲೂ ಸಿಗುತ್ತದೆ. ಹಾಕಿದ ಮೇಲೆ ಖಾಲಿ ಜಾಗದಲ್ಲಿ ನಿಧಾನಕ್ಕೆ ಎಂಟರ ಆಕಾರದಲ್ಲಿ ಹತ್ತಾರು ಸುತ್ತು ಹೊಡೆಯಿರಿ, ಪ್ಲೇಟುಗಳ ಸಂದಿಗೆ ಆಯಿಲ್ ಇಳಿಯಬೇಕು. ನನ್ನ ಪಿಕಪ್ಪಿನ ಗರಗರ ನಿಂತಿದ್ದು ಇಷ್ಟಕ್ಕೇ, ಎರಡು ಬೇರಿಂಗ್ ದಂಡ. ಟ್ರೂಟ್ರ್ಯಾಕ್ ಥರದ ಗೇರ್ ಮಾದರಿಗೆ ಇದು ಉಲ್ಟಾ. ಅದು ಕೆಲಸ ಮಾಡೋದೇ ಘರ್ಷಣೆಯಿಂದ, ಮಾಡಿಫೈಯರ್ ಹಾಕಿದರೆ ಅದರ ಕೈ ಕಟ್ಟಿದ ಹಾಗೆ. ಸಿಂಥೆಟಿಕ್ ಬದಲು ಮಾಮೂಲಿ ಖನಿಜ ಆಯಿಲ್ಲೇ ಹಾಕಿ ಅಂತ ಅದರ ತಯಾರಕರೇ ಹೇಳುತ್ತಾರೆ.

ಹೊಸ ಕ್ರೌನ್ ಪಿನಿಯನ್ ಕೂಡ ಹಾಕಿಸಿದ್ದರೆ ಮೊದಲ ಸಲ ಇಪ್ಪತ್ತು ನಿಮಿಷ ಹಗುರವಾಗಿ ಓಡಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಮೊದಲ 800 ಕಿಲೋಮೀಟರ್ ಟ್ರೈಲರ್ ಕಟ್ಟಬೇಡಿ, ಆಮೇಲೆ ಆಯಿಲ್ ಬದಲಿಸಿ.

ಹೆಜ್ಜೆ 10: ಬಳಸುವ ಕಲೆ

ಲಾಕನ್ನು ಸಿಕ್ಕಿಕೊಂಡ ಮೇಲಲ್ಲ, ಸಿಕ್ಕಿಕೊಳ್ಳುವ ಮೊದಲೇ ಹಾಕಿ. ಗಾಡಿ ನಿಂತಿರಬೇಕು, ಅಥವಾ ನಡಿಗೆಯ ವೇಗ. ಚಕ್ರ ಸುತ್ತುತ್ತಿರುವಾಗ ಸ್ವಿಚ್ ಒತ್ತುವವರಿಗೆ ಅದೃಷ್ಟ ಎಷ್ಟು ಸಲ ಕೈಹಿಡಿಯುತ್ತೋ ನೋಡೋಣ. ಒತ್ತಿದ ತಕ್ಷಣ ದೀಪ ಹತ್ತದಿದ್ದರೆ ಸ್ಟೀರಿಂಗ್ ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸುತ್ತಾ ಅರ್ಧ ಮೀಟರ್ ಮುಂದೆ ಹೋಗಿ, ಹಲ್ಲುಗಳಿಗೆ ಒಂದಕ್ಕೊಂದು ಕೂರಲು ಅವಕಾಶ ಬೇಕು. ದಾಟಿದ ಕೂಡಲೇ ತೆಗೆಯಿರಿ. ತೆಗೆದರೂ ದೀಪ ಆರದಿದ್ದರೆ ಒಳಗೆ ಬಿಗಿತ ಉಳಿದಿದೆ ಅಂತ ಅರ್ಥ, ಸ್ವಲ್ಪ ರಿವರ್ಸ್ ತಗೊಂಡರೆ ಬಿಡುತ್ತದೆ. ಒಣ ಡಾಂಬರಿನ ತಿರುವಿನಲ್ಲಿ ಲಾಕ್ ಹಾಕಿಕೊಂಡು ಹೋಗೋದು ಶಾಫ್ಟಿಗೆ ನೀವೇ ಕೊಡುವ ಹಿಂಸೆ.

ಹಿಂದೆ ಎರಡು ಆಕ್ಸಲ್ ಇರುವ ದೊಡ್ಡ ಟ್ರಕ್ಕುಗಳಲ್ಲಿ ಎರಡು ಬೇರೆ ಬೇರೆ ಲಾಕ್ ಇರಬಹುದು. ಒಂದು ಎರಡು ಆಕ್ಸಲ್ಲುಗಳ ನಡುವಿನದು, ಇನ್ನೊಂದು ಒಂದೇ ಆಕ್ಸಲ್ಲಿನ ಎಡಬಲ ಚಕ್ರಗಳ ನಡುವಿನದು. ಮೊದಲು ಆಕ್ಸಲ್ಲುಗಳ ನಡುವಿನದನ್ನು ಹಾಕಿ ನೋಡಿ. ಬಹಳಷ್ಟು ಸಲ ಅದೇ ಸಾಕಾಗುತ್ತದೆ, ಸ್ಟೀರಿಂಗಿಗೂ ಅಷ್ಟು ತೊಂದರೆ ಇಲ್ಲ. ಎಡಬಲದ ಲಾಕ್ ಹಾಕಿದರೆ ಗಾಡಿ ನೇರಕ್ಕೇ ತಳ್ಳಿಕೊಂಡು ಹೋಗುತ್ತದೆ, ಸ್ಟೀರಿಂಗ್ ತಿರುಗಿಸಿದಷ್ಟು ತಿರುಗಲ್ಲ.

ಸ್ವಿಚ್ಚಿನ ಲಾಕರ್ ಹಾಕಿಸಿದವರು ತಿಂಗಳಿಗೊಮ್ಮೆಯಾದರೂ ಮಣ್ಣಿನ ನೆಲದಲ್ಲಿ ನಿಂತು ಒಮ್ಮೆ ಹಾಕಿ ತೆಗೆಯಿರಿ. ಬೇಡದ ದಿನ ಕೆಲಸ ಮಾಡುತ್ತಾ ನೋಡಿಕೊಂಡರೆ, ತುಕ್ಕು ಹಿಡಿದ ಕನೆಕ್ಟರ್ರೋ ಸೋರುವ ಪೈಪೋ ಮನೆಯ ಹತ್ತಿರವೇ ಸಿಕ್ಕಿಬೀಳುತ್ತದೆ. ನೀರು ದಾಟುವ ಅಭ್ಯಾಸ ಇದ್ದರೆ ಆಕ್ಸಲ್ಲಿನೊಳಗೆ ಗಾಳಿ ಆಡುವ ಬ್ರೀದರ್ ಪೈಪನ್ನೂ ಮೇಲಕ್ಕೆ ಎತ್ತಿ ಕಟ್ಟಿಸಿ. ಬಿಸಿ ಡಿಫ್ ತಣ್ಣೀರಿಗೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗಿ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದು ಕಂಡರೆ ಅವತ್ತೇ ಬದಲಿಸಿ.